ಖಾಲಿ ಕಾಗದದ ಮೇಲಿನ ಸಹಿ

2025ನೆಯ ಇಸವಿಯ ಫೆಬ್ರುವರಿ ತಿಂಗಳಲ್ಲಿ, ಬಡ್ಡಿಯ ಕಿರುಕುಳದ ದೂರಿನ ಮೇಲಿಂದ ಪೋಲೀಸರು ಗದಗ-ಬೆಟಗೇರಿಯಲ್ಲಿ ಶೋಧ ನಡೆಯಿಸಿದಾಗ, ನಗದು ಹಣ ಬಂಗಾರಗಳ ಸಂಗಡ ಬಾಂಡ್ ಕಾಗದಗಳೂ ಖಾಲಿ ಚೆಕ್ಕುಗಳೂ ಹೊರಬಿದ್ದವು. ಪತ್ರಿಕೆಗಳಲ್ಲಿ ಆ ಸುದ್ದಿಯನ್ನೋದಿದ ಜನರು ಹಣದ ರಾಶಿಗೆ ಬೆರಗಾದರು. ಸಾಲದ ಮರ್ಮವನ್ನು ಬಲ್ಲವರು ಹೆದರುವದಾದರೋ ಆ ಕಾಗದಗಳಿಗೆ. ಹಣದ ರಾಶಿಯು ಸಾಹುಕಾರನಲ್ಲಿ ಎಷ್ಟಿದೆಯೆಂಬದನ್ನು ಹೇಳುವದು; ಸಹಿಯಾದ ಖಾಲಿ ಚೆಕ್ಕು, ಸಾಲಗಾರನು ಎಷ್ಟರ ಮಟ್ಟಿಗೆ ಆತನ ಮುಷ್ಟಿಯಲ್ಲಿರುವನೆಂಬದನ್ನು ಹೇಳುವದು. ಅದರ ಮೇಲೆ ಅಂಕಿಯನ್ನು ಬರೆಯುವವನು ಬೇರೆ. ಅದಕ್ಕೆ ಉತ್ತರ ಕೊಡಬೇಕಾದವನು ಬೇರೆ. ಯಾವ ದಿನ ಬರೆದಾರು, ಎಷ್ಟು ಬರೆದಾರು, ಯಾರ ಕೈಗೆ ದಾಟಿಸಿಯಾರು ಎಂಬದು ಸಹಿ ಹಾಕಿದವನಿಗೆ ಗೊತ್ತಾಗುವದೇ ಇಲ್ಲ.

ಇಂಥ ಸಹಿಯನ್ನು ತೆಗೆದುಕೊಳ್ಳುವದು ಅನ್ಯಾಯವೆಂಬ ತಿಳುವಳಿಕೆಯು ಈ ಪ್ರಾಂತಕ್ಕೆ ಹೊಸದಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಹುಕಾರರ ಮನೆಗಳಿಗೆ ನುಗ್ಗಿದಾಗ ಅವರು ಮುಖ್ಯವಾಗಿ ಹುಡುಕಿ ಸುಟ್ಟುದು ಸಾಲದ ಪತ್ರಗಳನ್ನು. ಅದರ ಫಲವಾಗಿ ಮುಂಬಯಿ ಇಲಾಖೆಯಲ್ಲಿ 1879ರ ರೈತರ ಪರಿಹಾರದ ಕಾನೂನು ಹುಟ್ಟಿತು. ಪತ್ರದಲ್ಲಿ ಬರೆದುದನ್ನೇ ವೇದವಾಕ್ಯವೆಂದು ನಂಬದೆ, ಆ ವ್ಯವಹಾರದ ಇತಿಹಾಸವನ್ನು ಬುಡದಿಂದ ವಿಚಾರಿಸುವ ಅಧಿಕಾರವನ್ನು ಅದು ನ್ಯಾಯಾಲಯಗಳಿಗೆ ಕೊಟ್ಟಿತು. ಕೊಟ್ಟ ಹಣಕ್ಕೆ ಪಾವತಿಯನ್ನೂ ವರ್ಷಕ್ಕೊಮ್ಮೆ ಲೆಕ್ಕದ ಯಾದಿಯನ್ನೂ ಕೇಳುವ ಹಕ್ಕನ್ನು ಸಾಲಗಾರನಿಗೆ ಕೊಟ್ಟಿತು. ಮುಂದೆ 1946ರಲ್ಲಿ ಅದೇ ಇಲಾಖೆಯ ಲೇವಾದೇವಿ ಕಾನೂನು ಇನ್ನೂ ಸ್ಪಷ್ಟವಾಗಿ ನುಡಿಯಿತು: ನಿಜವಾದ ಮೊತ್ತವನ್ನು ಕಾಣಿಸದ ಪತ್ರವನ್ನಾಗಲಿ, ಸಹಿಯಾದ ಬಳಿಕ ತುಂಬುವದಕ್ಕೆಂದು ಜಾಗವನ್ನು ಖಾಲಿ ಬಿಟ್ಟ ದಸ್ತಾವೇಜನ್ನಾಗಲಿ ಸಾಹುಕಾರನು ಬರೆಯಿಸಿಕೊಳ್ಳಕೂಡದು. ಗದಗು, ಮುಂಡರಗಿಗಳು ಆಗ ಧಾರವಾಡ ಜಿಲ್ಲೆಯೊಳಗಿದ್ದವು. ಶಿರಹಟ್ಟಿ ಲಕ್ಷ್ಮೇಶ್ವರಗಳು ಸಾಂಗಲಿ ಮಿರಜ ಸಂಸ್ಥಾನಗಳಿಗೆ ಸೇರಿದ್ದು, 1948ರಲ್ಲಿ ಸಂಸ್ಥಾನಗಳು ವಿಲೀನವಾದಾಗ ಮುಂಬಯಿಯೊಳಗೆ ಕೂಡಿಕೊಂಡವು. ಕಾನೂನಿದ್ದೂ ಬೆಟಗೇರಿಯಲ್ಲಿ ಖಾಲಿ ಚೆಕ್ಕುಗಳು ಹುಟ್ಟಿದವೆಂಬದು ದುಃಖದ ಮಾತೇ ಸರಿ. ಆದರೂ ಅವುಗಳನ್ನು ಕಂಡ ಪೋಲೀಸನಿಗೆ ಅದು ತಪ್ಪೆಂದು ಗೊತ್ತಿದ್ದಿತು; ಅವುಗಳನ್ನು ಅಡಗಿಸಿಟ್ಟವನಿಗೂ ಗೊತ್ತಿದ್ದಿತು.

ಅದೇ ಅನ್ಯಾಯವು ಕಾಗದವನ್ನು ಬಿಟ್ಟು ಮೊಬೈಲಿನ ಗಾಜಿನ ಮೇಲೆ ಬಂದ ಕೂಡಲೆ ಅದಕ್ಕೆ ಸೌಕರ್ಯವೆಂಬ ಸುಂದರವಾದ ಹೆಸರು ಬಂದಿರುವದು. ಕಂಪನಿಯು ಹತ್ತಾರು ಪುಟಗಳ ಕರಾರನ್ನು ಇಂಗ್ಲಿಷಿನಲ್ಲಿ ಬರೆದು, ಅದರ ಬುಡದಲ್ಲಿ ‘ಒಪ್ಪಿದೆ’ ಎಂಬ ಒಂದು ಗುಂಡಿಯನ್ನಿಡುವದು. ಒತ್ತಿದರೆ ಬಾಗಿಲು ತೆರೆಯುವದು; ಒತ್ತದಿದ್ದರೆ ಇಲ್ಲ. ಯಾವ ವಿವರವನ್ನು ತೆಗೆದುಕೊಂಡರು, ಯಾವ ಕೆಲಸಕ್ಕೆ, ಎಷ್ಟು ವರ್ಷದ ವರೆಗೆ, ಯಾರು ಯಾರಿಗೆ ಹಂಚಿದರು ಎಂಬ ನಾಲ್ಕು ಜಾಗಗಳೂ ಅಲ್ಲಿ ಖಾಲಿಯಾಗಿಯೇ ಇರುವವು. ‘ಸೇವೆಯನ್ನು ಉತ್ತಮಪಡಿಸುವ ಸಲುವಾಗಿ’, ‘ನಮ್ಮ ಪಾಲುದಾರರೊಡನೆ’ ಎಂಬಂಥ ಮಾತುಗಳು ಅಲ್ಲಿ ಬರೆದಿರುತ್ತವೆಂದು ಕಂಪನಿಯ ಪಕ್ಷದವರು ಹೇಳಬಹುದು. ಮೊತ್ತದ ಜಾಗದಲ್ಲಿ ‘ತಕ್ಕಷ್ಟು ರೂಪಾಯಿ’ ಎಂದು ಬರೆದ ಚೆಕ್ಕನ್ನು ಯಾವ ಬ್ಯಾಂಕಿನವನು ತುಂಬಿದ ಚೆಕ್ಕೆಂದು ಒಪ್ಪಿಯಾನು?

ಮುಂಡರಗಿಯ ಒಬ್ಬ ಹೆಣ್ಣುಮಗಳಿಗೆ ಮಗುವಿನ ಔಷಧಕ್ಕೋ ಹೊಲದ ಬೀಜಕ್ಕೋ ಐದು ಸಾವಿರ ರೂಪಾಯಿ ಬೇಕಾಯಿತೆಂದು ಭಾವಿಸಬಹುದು. ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪ್ ಒಂದು ಆಕೆಗೆ ದೊರೆಯುವದು. ಅದು ಕೇಳುವದು ಹೆಸರು, ಊರು, ಆಧಾರ, ಬ್ಯಾಂಕ್ ಖಾತೆ. ಇಷ್ಟು ಸರಿ; ಹಣ ಕೊಡುವವನು ಇಷ್ಟನ್ನು ಕೇಳದಿದ್ದರೆ ಅವನೇ ಮೂರ್ಖನಾದಾನು. ಆದರೆ ಅದು ಅಲ್ಲಿಗೆ ನಿಲ್ಲದೆ ಆಕೆಯ ಫೋನಿನಲ್ಲಿರುವ ಎಲ್ಲರ ನಂಬರು, ಆಕೆಗೆ ಬಂದ ಸಂದೇಶಗಳು, ಚಿತ್ರಗಳು, ಆಕೆ ಎಲ್ಲೆಲ್ಲಿ ಓಡಾಡುವಳೆಂಬ ಸುಳುವು ಇವೆಲ್ಲವನ್ನೂ ಕೇಳುವದು. ಶಿರಹಟ್ಟಿಯಲ್ಲಿರುವ ತಮ್ಮ, ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳ ಅತ್ತೆ, ಶಾಲೆಯ ಮಾಸ್ತರರು, ಹಾಲಿನವನು—ಇವರಲ್ಲಿ ಯಾರೂ ಆ ಸಾಲವನ್ನು ಬೇಡಿದವರಲ್ಲ, ಅದಕ್ಕೆ ಜಾಮೀನು ನಿಂತವರಲ್ಲ, ಆ ಕರಾರನ್ನು ಕಣ್ಣಿನಿಂದ ಕಂಡವರೂ ಅಲ್ಲ. ಒಂದು ಬೆರಳಿನ ಒತ್ತಿನಿಂದ ಅವರೆಲ್ಲರೂ ಕಂಪನಿಯ ಖಾತೆಯಲ್ಲಿ ಸೇರಿದರು. ತನ್ನ ಬಂಗಾರವನ್ನು ಒತ್ತೆಯಿಡುವ ಅಧಿಕಾರವು ಆಕೆಗುಂಟು. ಬೀಗರ ಮಾನವನ್ನು ಒತ್ತೆಯಿಡುವ ಅಧಿಕಾರವು ಎಲ್ಲಿಂದ ಬಂದಿತು? ಅದನ್ನು ಒತ್ತೆಯಾಗಿ ಸ್ವೀಕರಿಸುವ ಅಧಿಕಾರವು ಕಂಪನಿಗೆ ಎಲ್ಲಿಂದ ಬಂದಿತು?

ಆ ನಂಬರುಗಳು ಯಾತಕ್ಕೆ ಬೇಕಾಗಿದ್ದವೆಂಬದು 2020ನೆಯ ವರ್ಷದ ಕೊನೆಗೆ ಹೈದರಾಬಾದಿನ ಕಡೆಯಿಂದ ಬಯಲಿಗೆ ಬಂದಿತು. ಕಂತು ತಪ್ಪಿದವರ ನಂಟರಿಷ್ಟರಿಗೆಲ್ಲ ಕರೆ ಮಾಡಿ ಬೈಯುವದು, ಮುಖದ ಚಿತ್ರವನ್ನು ವಿಕಾರಗೊಳಿಸಿ ಹಂಚುವದು, ಕಳ್ಳನೆಂದು ಸಾರುವದು—ಇದೇ ವಸೂಲಿಯ ರೀತಿಯಾಗಿದ್ದಿತು. ನಾಚಿಕೆಯನ್ನು ತಾಳಲಾರದೆ ಪ್ರಾಣವನ್ನೇ ಬಿಟ್ಟವರ ಸುದ್ದಿಗಳು ಒಂದರ ಮೇಲೊಂದು ಬಂದವು. ರಿಝರ್ವ್ ಬ್ಯಾಂಕು 2021ರ ಜನವರಿಯಲ್ಲಿ ಒಂದು ಮಂಡಲಿಯನ್ನು ನೇಮಿಸಿ, 2022ರ ಸಪ್ಟೆಂಬರಿನಲ್ಲಿ ಕಟ್ಟಳೆಯನ್ನು ಹೊರಡಿಸಿತು: ಸಾಲದ ಆ್ಯಪ್‌ಗಳು ಫೋನಿನ ಕಡತ, ಚಿತ್ರ, ಸಂಪರ್ಕ ಪಟ್ಟಿ, ಕರೆಗಳ ದಾಖಲೆ ಇವುಗಳನ್ನು ಮುಟ್ಟಕೂಡದು. ಆ ಕಟ್ಟಳೆಯ ಮುಂದಿನ ಒಂದು ವರ್ಷದಲ್ಲಿ ಗೂಗಲ್ ಕಂಪನಿಯು ತನ್ನ ಅಂಗಡಿಯಿಂದ ಇಂಥ 2,200ಕ್ಕೂ ಹೆಚ್ಚು ಆ್ಯಪ್‌ಗಳನ್ನು ತೆಗೆದುಹಾಕಿತೆಂದು ಕೇಂದ್ರ ಸರಕಾರವು ಸಂಸತ್ತಿನಲ್ಲಿ ತಿಳಿಸಿತು. 2,200 ಎಂಬ ಅಂಕಿಯನ್ನು ಓದುವಾಗ ಒಂದು ಮಾತನ್ನು ಮರೆಯಕೂಡದು. ಆ ಅಂಗಡಿಯ ಬಾಗಿಲಲ್ಲಿ ಅಷ್ಟು ಆ್ಯಪ್‌ಗಳು ಅಷ್ಟು ದಿನ ಕುಳಿತಿದ್ದುದು ಗೂಗಲಿನ ಅನುಮತಿಯಿಂದಲೇ. ಮತ್ತು ಪ್ರತಿಯೊಂದು ಆ್ಯಪ್‌ನ ಕೈಯಲ್ಲಿಯೂ, ಮಾನ ಕಳೆದುಕೊಂಡ ಮನುಷ್ಯನು ತಾನೇ ಒತ್ತಿದ ‘ಒಪ್ಪಿಗೆ’ ಇದ್ದಿತು.

ಇದು ಕಳ್ಳ ಸಾಲಗಾರಿಕೆಯ ಮಾತಾಯಿತು, ಮರ್ಯಾದಸ್ಥ ಕಂಪನಿಗಳಿಗೂ ಇದಕ್ಕೂ ಏನು ಸಂಬಂಧ, ಎಂದು ಕೇಳುವವರುಂಟು. ಸಂಬಂಧವುಂಟು. ಬಟ್ಟೆಯಂಗಡಿಯಲ್ಲಿ ಸೀರೆಯನ್ನು ಕೊಂಡು ಹಣವನ್ನು ಎಣಿಸಿ ಕೊಟ್ಟ ಬಳಿಕವೂ ‘ಮೊಬೈಲ ನಂಬರು ಹೇಳಿರಿ, ಇಲ್ಲದಿದ್ದರೆ ಬಿಲ್ಲು ಆಗುವದಿಲ್ಲ’ ಎಂಬ ಮಾತು ಕೇಳಬರುವದು. ಈ ಪೀಡೆಯು ಎಷ್ಟಕ್ಕೇರಿತೆಂದರೆ, ಗಿರಾಕಿಯ ಇಚ್ಛೆಗೆ ವಿರುದ್ಧವಾಗಿ ನಂಬರಿಗಾಗಿ ಒತ್ತಾಯಿಸಕೂಡದೆಂದು ಕೇಂದ್ರದ ಗ್ರಾಹಕ ಇಲಾಖೆಯೇ 2023ರ ಮೇ ತಿಂಗಳಲ್ಲಿ ಅಂಗಡಿಗಾರರಿಗೆ ಸೂಚನೆ ಕೊಡಬೇಕಾಯಿತು. ಹೀಗೆ ಕೂಡಿಬಿದ್ದ ನಂಬರುಗಳ ಗತಿಯೇನೆಂಬದಕ್ಕೂ ದೃಷ್ಟಾಂತವುಂಟು: 2021ರಲ್ಲಿ ಡಾಮಿನೋಸ್ ಎಂಬ ರೊಟ್ಟಿಯ ಕಂಪನಿಯ ಗಿರಾಕಿಗಳ ಸುಮಾರು 18 ಕೋಟಿ ಬೇಡಿಕೆಗಳ ವಿವರವು ಹೊರಗೆ ಸೋರಿಹೋಗಿ, ಯಾರ ನಂಬರನ್ನಾದರೂ ಒತ್ತಿ ಅವರ ಮನೆಯ ವಿಳಾಸವನ್ನು ಹುಡುಕುವಂತಾಯಿತು. ಅದೇ ವರ್ಷ ವಾಟ್ಸಾಪ್ ಕಂಪನಿಯು ತನ್ನ ಒಡೆಯನಾದ ಮೆಟಾ ಕಂಪನಿಯೊಡನೆ ವಿವರಗಳನ್ನು ಹಂಚಿಕೊಳ್ಳುವ ಹೊಸ ಕರಾರನ್ನು ತಂದು, ಒಪ್ಪಿರಿ ಇಲ್ಲವೆ ಬಿಡಿರಿ ಎಂದಿತು. ಬಿಡುವದೆಲ್ಲಿಗೆ? ಮಕ್ಕಳ ಶಾಲೆಯ ಸೂಚನೆ, ಸಂಘದ ಕರೆ, ಸತ್ತ ಸುದ್ದಿ, ಲಗ್ನಪತ್ರಿಕೆ ಎಲ್ಲವೂ ಅದರಲ್ಲಿಯೇ ಬರುವ ಕಾಲವಿದು. ಬಾವಿಯೊಂದೇ ಇರುವ ಊರಿನಲ್ಲಿ ಬಾವಿಯ ಒಡೆಯನು ಹಾಕುವ ಕರಾರಿಗೆ ಒಪ್ಪಿಗೆಯೆಂಬ ಹೆಸರು ಸಲ್ಲದು. ಭಾರತದ ಸ್ಪರ್ಧಾ ಆಯೋಗವು 2024ರ ನವೆಂಬರದಲ್ಲಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿದಾಗ ಹಿಡಿದ ತಪ್ಪೂ ಇದೇ: ಬಿಡಲಾರದವರ ಮೇಲೆ ಹೇರಿದ ಒಪ್ಪಿಗೆ.

ಇನ್ನು ಒಂದು ಆಕ್ಷೇಪವನ್ನು ವಿಚಾರಿಸಬೇಕು. ಇದನ್ನು ಹೇಳುವವರು ಕಂಪನಿಯ ವಕೀಲರಲ್ಲ, ಊರಿನ ಹಿರಿಯರೇ. ‘ಹಳ್ಳಿಯಲ್ಲಿ ಯಾರ ಗುಟ್ಟು ಯಾರಿಗೆ ಗೊತ್ತಿಲ್ಲ? ಯಾರ ಮನೆಯಲ್ಲಿ ಏನು ಬೇಯುತ್ತದೆಂಬದು ಓಣಿಗೆಲ್ಲ ಗೊತ್ತು. ಗುಟ್ಟು ಎಂಬದು ಪೇಟೆಯವರ ಹೊಸ ಚಾಳಿ. ಕದ್ದವನಿಗೆ ಅಂಜಿಕೆ, ಉಳಿದವರಿಗೇನು?’ ಎಂದು ಅವರು ಕೇಳುವರು. ಈ ಮಾತಿನಲ್ಲಿ ಅರ್ಧ ಸತ್ಯವಿರುವದರಿಂದಲೇ ಇದಕ್ಕೆ ಉತ್ತರವನ್ನು ಹೇಳಬೇಕಾಗಿದೆ. ಓಣಿಯವರು ಒಬ್ಬರನ್ನೊಬ್ಬರು ಬಲ್ಲರು. ಆದರೆ ಆ ಬಲ್ಲವಿಕೆಯು ಎರಡೂ ಕಡೆಗೆ ಹರಿಯುವಂಥದು. ಪಕ್ಕದ ಮನೆಯವಳು ಇವಳ ಸಾಲವನ್ನು ಬಲ್ಲಳಾದರೆ ಅವಳ ಜಗಳವನ್ನು ಇವಳು ಬಲ್ಲಳು. ಸುಳ್ಳು ಹಬ್ಬಿಸಿದರೆ ಬಾಗಿಲಿಗೆ ಹೋಗಿ ಕೇಳಬಲ್ಲಳು. ಅಲ್ಲದೆ ಓಣಿಯು ಮರೆಯುವದು. ಮೂವತ್ತು ವರ್ಷಗಳ ಹಿಂದೆ ಒಬ್ಬನು ಕೊಡಬೇಕಾದ ಹಣವನ್ನು ಕೊಡದೆ ಊರು ಬಿಟ್ಟಿದ್ದನೆಂಬದನ್ನು ಅವನ ಮಗಳ ಲಗ್ನದಲ್ಲಿ ಊಟಕ್ಕೆ ಕುಳಿತವರು ನೆನೆಯುವದಿಲ್ಲ. ಕಂಪನಿಯ ಖತಾವಣಿಗೆ ಈ ದಯೆಯಿಲ್ಲ. ಅದು ಎಲ್ಲರನ್ನೂ ನೋಡುವದು, ಅದನ್ನು ನೋಡುವವರು ಯಾರೂ ಇಲ್ಲ. ಅದರ ಬಾಗಿಲು ಎಲ್ಲಿದೆಯೆಂಬದೇ ಮುಂಡರಗಿಯವರಿಗೆ ತಿಳಿಯದು.

ಈ ಪ್ರಾಂತಕ್ಕೆ ಈ ಭೇದವು ಬೇರೆಯವರಿಗಿಂತ ಹೆಚ್ಚು ಚೆನ್ನಾಗಿ ತಿಳಿದಿರಬೇಕು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಏಷ್ಯ ಖಂಡದಲ್ಲಿಯೇ ಅಂಥದು ಮೊದಲನೆಯದೆಂದು ಅದನ್ನು ಹೆಮ್ಮೆಯಿಂದ ಹೇಳುವರು. ಆ ಸಂಘವಾದರೂ ಜನರ ವಿವರವನ್ನು ಕೂಡಿಸದೆ ನಡೆದೀತೆ? ಯಾರಿಗೆ ಎಷ್ಟು ಎಕರೆ, ಎಷ್ಟು ಎತ್ತು, ಯಾರು ಮಾತಿಗೆ ನಿಲ್ಲುವರು, ಯಾರು ಹಣವನ್ನು ಬೀಜಕ್ಕೆಂದು ಒಯ್ದು ಜೂಜಿಗೆ ಹಾಕುವರು ಎಂಬದೆಲ್ಲ ಪಂಚರಿಗೆ ಗೊತ್ತಿರಬೇಕಾಗಿದ್ದಿತು. 1904ರ ಸಹಕಾರಿ ಕಾನೂನು ಹಳ್ಳಿಯ ಸಂಘಗಳಿಗೆ ಮಿತಿಯಿಲ್ಲದ ಹೊಣೆಯನ್ನು ವಿಧಿಸಿದ್ದಿತು. ಒಬ್ಬನು ಮುಳುಗಿಸಿದರೆ ಉಳಿದವರ ಆಸ್ತಿಯೂ ಅದಕ್ಕೆ ಗುರಿ. ಬಲ್ಲವರಿಗೆ ತಮ್ಮ ಬಲ್ಲವಿಕೆಯ ಬೆಲೆಯನ್ನು ತೆರಬೇಕಾಗಿದ್ದಿತು. ಸಾಲ ಕೊಡುವವನೂ ಸಭಾಸದನು, ತೆಗೆದುಕೊಳ್ಳುವವನೂ ಸಭಾಸದನು. ದಫ್ತರವು ಊರಲ್ಲಿಯೇ, ಸಭೆಯು ಊರಲ್ಲಿಯೇ. ಕೇಳಿದ ಪ್ರಶ್ನೆಗೆ ಎದ್ದು ನಿಂತು ಉತ್ತರ ಕೊಡಬೇಕಾದವನೂ ಊರವನೇ. ಸಹಕಾರಿ ಸಂಘಗಳೆಲ್ಲ ಈ ಆದರ್ಶಕ್ಕೆ ತಕ್ಕಂತೆ ನಡೆದವೆಂದು ಯಾರೂ ಹೇಳಲಾರರು. ಗೌಡಕಿ ಕುಲಕರ್ಣಿಕಿಯ ಗತ್ತು ಅಲ್ಲಿಯೂ ಹೊಕ್ಕಿತು, ಪಕ್ಷದ ರಾಜಕಾರಣವೂ ಹೊಕ್ಕಿತು. ಆದರೆ ಕಟ್ಟುವಾಗ ಹಿಡಿದ ನೂಲು ನೆಟ್ಟಗಿದ್ದಿತು.

ಇದರ ಪಕ್ಕದಲ್ಲಿ ಇಂದಿನ ಕಿರುಸಾಲದ ಕಂಪನಿಗಳ ಹೆಣ್ಣುಮಕ್ಕಳ ಗುಂಪನ್ನಿಟ್ಟು ನೋಡಬೇಕು. ಮೇಲಿಂದ ನೋಡಿದರೆ ಕಣಗಿನಹಾಳದ ತತ್ವವೇ ಅಲ್ಲಿಯೂ ಕಾಣುವದು: ಹತ್ತು ಮಂದಿ ಒಬ್ಬರಿಗೊಬ್ಬರು ಹೊಣೆ, ವಾರಕ್ಕೊಮ್ಮೆ ಸಭೆ, ಅಡವಿಲ್ಲದ ಸಾಲ. ಒಳಗೆ ನೋಡಿದರೆ ಹೊಣೆಯು ಹೆಂಗಸರದು, ವಿವರವು ಕಂಪನಿಯದು. ನೆರೆಯವಳ ಗುಣಾವಗುಣವನ್ನು ಬಲ್ಲ ಓಣಿಯ ಬಲ್ಲವಿಕೆಯನ್ನು ಕಂಪನಿಯು ಪುಕ್ಕಟೆಯಾಗಿ ಕೊಂಡೊಯ್ದು, ಅದರ ಹೊಣೆಯನ್ನು ಓಣಿಯಲ್ಲಿಯೇ ಬಿಟ್ಟು ಹೋಗುವದು. ಉಂಡೂ ಹೋದ, ಕೊಂಡೂ ಹೋದ ಎಂಬ ಗಾದೆಯು ಇದಕ್ಕೆ ಸರಿಯಾಗಿ ಒಪ್ಪುವದು.

ಕಂಪನಿಗಳು ಇದಕ್ಕೆ ಹೇಳುವ ಸಮಾಧಾನವನ್ನೂ ಕೇಳತಕ್ಕದ್ದು. ಹೊಲವಿಲ್ಲದ, ಬಂಗಾರವಿಲ್ಲದ ಬಡ ಹೆಂಗಸಿಗೆ ಬ್ಯಾಂಕು ಸಾಲವನ್ನು ಕೊಡುವದಿಲ್ಲ. ಅವಳ ಗಳಿಕೆ, ಖರ್ಚು, ಹಳೆಯ ಸಾಲಗಳ ವಿವರವೇ ಅವಳ ಅಡವು. ಆ ವಿವರವನ್ನು ಹೆಚ್ಚು ಹೆಚ್ಚು ತಿಳಿದಷ್ಟೂ ತೀರಿಸಲಾರದ ಸಾಲವನ್ನು ಅವಳ ತಲೆಯ ಮೇಲೆ ಹೊರಿಸದೆ ಕಾಯಬಹುದು ಎನ್ನುವರು. ಈ ಮಾತು ತಳ್ಳಿಹಾಕುವಂಥದಲ್ಲ. ರಿಝರ್ವ್ ಬ್ಯಾಂಕಿನ 2022ರ ಕಟ್ಟಳೆಯು ವರ್ಷಕ್ಕೆ 3 ಲಕ್ಷ ರೂಪಾಯಿಗಳೊಳಗಿನ ಆದಾಯದ ಕುಟುಂಬಕ್ಕೆ ಕೊಡುವ ಅಡವಿಲ್ಲದ ಸಾಲವನ್ನು ಕಿರುಸಾಲವೆಂದು ಎಣಿಸಿ, ತಿಂಗಳ ಕಂತುಗಳೆಲ್ಲ ಸೇರಿ ಆದಾಯದ ನೂರಕ್ಕೆ 50ನ್ನು ಮೀರಕೂಡದೆಂದಿರುವದು. ಗಳಿಕೆಯನ್ನು ಕೇಳದೆ ಈ ಮಿತಿಯನ್ನು ಪಾಲಿಸುವದು ಅಶಕ್ಯ. ಹೀಗೆ ಕೇಳುವದನ್ನು ಯಾರೂ ಅಲ್ಲಗಳೆಯುವದಿಲ್ಲ. ಕೇಳಿದ್ದರ ಫಲವೇನಾಯಿತೆಂದು ಮಾತ್ರ ಕೇಳಬೇಕಾಗಿದೆ. 2025ರ ಆರಂಭದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕಂತಿನ ಹಿಂಸೆಯನ್ನು ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ರಾಜ್ಯ ಸರಕಾರವು ಫೆಬ್ರುವರಿ 12ರಂದು ಕಿರುಸಾಲದ ಬಲಾತ್ಕಾರವನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿ, ಹತ್ತು ವರ್ಷಗಳ ವರೆಗಿನ ಸೆರೆಮನೆ, ಐದು ಲಕ್ಷ ರೂಪಾಯಿಗಳ ವರೆಗಿನ ದಂಡವನ್ನು ವಿಧಿಸಬೇಕಾಯಿತು. ಬಡವರ ವಿವರವನ್ನು ಕೂಡಿಸಿದ್ದು ಅವರನ್ನು ಕಾಯುವ ಸಲುವಾಗಿಯೇ ಆಗಿದ್ದರೆ, ಒಂದೇ ಮನೆಯ ಮೇಲೆ ನಾಲ್ಕು ಐದು ಕಂಪನಿಗಳ ಸಾಲವು ಬೀಳುವವರೆಗೆ ಆ ವಿವರವು ಎಲ್ಲಿ ಮಲಗಿತ್ತು? ವಸೂಲಿಯ ದಿನ ಮಾತ್ರ ಅದಕ್ಕೆ ಎಚ್ಚರವಾದುದು ಹೇಗೆ?

ಕೂಡಿಸುವವನಿಗೂ ಕಟ್ಟಳೆ ಬೇಕೆಂಬ ವಿಚಾರವನ್ನು ಪಾಶ್ಚಾತ್ಯರಿಂದ ಕಲಿತು ತಂದುದೆಂದು ಹಳಿಯುವವರು ಲಕ್ಷ್ಮೇಶ್ವರದ ಒಂದು ಕಂಬಶಾಸನವನ್ನು ನೆನೆಯಬೇಕು. ಅದು ಎಂಟನೆಯ ಶತಮಾನದ ಮೊದಲ ಭಾಗದ್ದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಆಗಿನ ಪೊರಿಗೆರೆಯ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ. ಅರಸನ ಅಧಿಕಾರಿಗಳು ಊರವರಿಗೆ ಹೇಗೆ ನಡೆದುಕೊಳ್ಳಬೇಕು, ಊರವರು ಏನನ್ನು ಸಲ್ಲಿಸಬೇಕು ಎಂಬ ಎರಡೂ ಕಡೆಯ ಕರ್ತವ್ಯಗಳು ಅದರಲ್ಲಿರುವವು; ಮನೆಮನೆಯ ತೆರಿಗೆಯು ಅವರವರ ಸ್ಥಿತಿಗೆ ತಕ್ಕಂತೆ ಇಷ್ಟಿಷ್ಟೆಂದು ಗೊತ್ತುಮಾಡಲ್ಪಟ್ಟಿರುವದು. ಮನೆಗಳ ಸ್ಥಿತಿಯನ್ನು ಅರಸನು ಅರಿಯದೆ ಹೀಗೆ ವಿಂಗಡಿಸಲಾರನು. ಅವನೂ ವಿವರವನ್ನು ಕೂಡಿಸಿದವನೇ. ಕೂಡಿಸಿ, ಅದರಿಂದ ತಾನು ಕೇಳುವದು ಇಷ್ಟೇ ಎಂದು ಕನ್ನಡದಲ್ಲಿ, ಕಲ್ಲಿನಲ್ಲಿ, ಊರ ನಡುವೆ ಕೊರೆಯಿಸಿದನು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ನಾಡುಗಳಲ್ಲಿ ಇದೇ ಪುಲಿಗೆರೆಯು ಒಂದು. ಅಂಥ ಊರಿನ ಅಂಗಡಿಯ ಹುಡುಗನು ಇಂದು ತನ್ನ ಫೋನಿನಲ್ಲಿ ಒಪ್ಪುವ ಕರಾರು ಅವನು ಓದಲಾರದ ಭಾಷೆಯಲ್ಲಿರುವದು. ಬೇಕಾದಾಗ ಬದಲಿಸುವ ಹಕ್ಕನ್ನು ಕಂಪನಿಯೇ ಇಟ್ಟುಕೊಂಡಿರುವದು.

ಕಾನೂನು ಏನೂ ಮಾಡಿಲ್ಲವೆಂದರೆ ತಪ್ಪಾದೀತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತಾರರ ಇಳಿವಯಸ್ಸಿನಲ್ಲಿ, 2012ರಲ್ಲಿ ಹಾಕಿದ ಅರ್ಜಿಯಿಂದ ಹೊರಟ ವಿವಾದದಲ್ಲಿ ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ನೆಯ ಆಗಸ್ಟ್ 24ರಂದು ಏಕಕಂಠದಿಂದ, ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆಧಾರವನ್ನು ಬರಿಯ ಕರಾರಿನ ಬಲದಿಂದ ಕಂಪನಿಗಳು ಬೇಡಬಹುದೆಂಬ ಭಾಗವನ್ನು 2018ರ ಸಪ್ಟೆಂಬರಿನ ತೀರ್ಪು ಹೊಡೆದುಹಾಕಿತು. ಮರುವರ್ಷವೇ ಬಂದ ತಿದ್ದುಪಡಿಯು ಬ್ಯಾಂಕು ದೂರವಾಣಿಗಳ ಮಟ್ಟಿಗೆ, ಸ್ವಇಚ್ಛೆಯೆಂಬ ಹೆಸರಿನಿಂದ, ಕಿಟಕಿಯನ್ನು ತೆರೆಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಗೆಲವಿನ ಫಲವೆನ್ನಬಹುದಾದ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾನೂನು 2023ರ ಆಗಸ್ಟಿನಲ್ಲಿ ಬಂದಿತು.

ಆ ಕಾನೂನಿನಲ್ಲಿ ಮೆಚ್ಚತಕ್ಕ ಮಾತುಗಳುಂಟು. ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟುದೂ ಆಗಿರಬೇಕು. ಹೇಳಿದ ಕೆಲಸಕ್ಕೆ ಅವಶ್ಯವಾದಷ್ಟು ವಿವರಕ್ಕೆ ಮಾತ್ರ ಅದು ಸಲ್ಲಬೇಕು ಎಂದು ಅದು ಹೇಳುವದು. ದೃಷ್ಟಾಂತವನ್ನೂ ಕೊಡುವದು: ವೈದ್ಯರ ಸಲಹೆಯ ಆ್ಯಪ್ ಒಂದು ಫೋನಿನ ಸಂಪರ್ಕ ಪಟ್ಟಿಯನ್ನೂ ಬೇಡಿ, ರೋಗಿಯು ಒಪ್ಪಿದರೂ, ಆ ಪಟ್ಟಿಯು ವೈದ್ಯಕ್ಕೆ ಬೇಕಾದುದಲ್ಲವಾದ್ದರಿಂದ ಆ ಒಪ್ಪಿಗೆಯು ಅದರ ಮಟ್ಟಿಗೆ ನಡೆಯದು. 1946ರ ಲೇವಾದೇವಿ ಕಾನೂನಿನ ಧ್ವನಿಯು ಇಲ್ಲಿ ಮತ್ತೆ ಕೇಳಿಸುವದು. ಸಹಿಯಿದ್ದರೂ ಖಾಲಿ ಜಾಗವನ್ನು ತುಂಬಕೂಡದು. ತಿಳಿವಳಿಕೆಯ ಪತ್ರವನ್ನು ಕನ್ನಡವೂ ಸೇರಿ ಎಂಟನೆಯ ಪರಿಶಿಷ್ಟದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕೆಂದೂ ಅದರಲ್ಲಿರುವದು.

ಆದರೆ ಇದೇ ಕಾನೂನಿನ ಇನ್ನೊಂದು ಮಗ್ಗಲನ್ನೂ ನೋಡಬೇಕು. ಕಂಪನಿಯು ವಿವರಗಳನ್ನು ಕಾಯದೆ ಸೋರಿಸಿದರೆ 250 ಕೋಟಿ ರೂಪಾಯಿಗಳ ವರೆಗೆ ದಂಡವುಂಟು. ಆ ಹಣವು ಹೋಗುವದು ಭಾರತದ ಸಂಚಿತ ನಿಧಿಗೆ. ಹಾನಿಯಾದ ಮನುಷ್ಯನಿಗೆ ಒಂದು ಕವಡೆಯೂ ಇಲ್ಲ. ಅಷ್ಟೇ ಅಲ್ಲದೆ, ಇಂಥ ಹಾನಿಗೆ ಪರಿಹಾರವನ್ನು ಕೊಡಿಸುತ್ತಿದ್ದ ಹಳೆಯ ಮಾಹಿತಿ ತಂತ್ರಜ್ಞಾನ ಕಾನೂನಿನ 43-ಎ ಕಲಮನ್ನು ತೆಗೆದುಹಾಕುವ ಏರ್ಪಾಡೂ ಇದರಲ್ಲಿದೆ. ದೂರು ಕೊಡುವವನು ಸುಳ್ಳು ಅಥವಾ ಕ್ಷುಲ್ಲಕ ದೂರನ್ನು ಕೊಟ್ಟನೆಂದು ಕಂಡುಬಂದರೆ ಅವನಿಗೇ 10,000 ರೂಪಾಯಿಗಳ ವರೆಗೆ ದಂಡ! ಮನೆಯು ಸೂರೆಹೋದವನಿಗೆ ಮಾಲನ್ನು ಕೊಡಿಸದೆ, ಕೂಗಿ ಊರ ನಿದ್ರೆಯನ್ನು ಕೆಡಿಸಬೇಡವೆಂದು ಎಚ್ಚರಿಸಿದಂತಾಯಿತು. ಸರಕಾರವು ತನ್ನ ಇಲಾಖೆಗಳಿಗೆ ಬೇಕಾದಾಗ ವಿನಾಯಿತಿಯನ್ನು ಕೊಟ್ಟುಕೊಳ್ಳುವ ಅಧಿಕಾರದ ಮಾತು ಬೇರೆಯೇ ಒಂದು ಲೇಖನಕ್ಕೆ ವಿಷಯ. ಕಾನೂನು ಬಂದ ಎರಡು ವರ್ಷಗಳ ಮೇಲೆ, 2025ರ ನವೆಂಬರದಲ್ಲಿ, ನಿಯಮಗಳು ಹೊರಟವು. ಅವು ಕಂಪನಿಗಳ ಮುಖ್ಯ ಕರ್ತವ್ಯಗಳಿಗೆ 18 ತಿಂಗಳುಗಳ ಅವಕಾಶವನ್ನು ಕೊಟ್ಟವು. ಬೆಟಗೇರಿಯ ನೇಕಾರನಿಗೆ ಕಂತು ಒಂದು ದಿನ ತಪ್ಪಿದರೆ ಬಾಗಿಲಿಗೆ ಬರುವವರಿಗೆ ಇಷ್ಟು ತಾಳ್ಮೆಯನ್ನು ಕೊಟ್ಟವರಾರು?

ಇದಕ್ಕಿಂತ ಒಳ್ಳೆಯ ರೀತಿಯು ಅಸಾಧ್ಯವೆಂದು ಹೇಳಬರುವಂತಿಲ್ಲ. ಸಾಲಗಾರರ ಚರಿತ್ರೆಯನ್ನು ಕೂಡಿಸುವ ಸಿಬಿಲ್ ಮೊದಲಾದ ಕಂಪನಿಗಳ ವಿಷಯದಲ್ಲಿ ರಿಝರ್ವ್ ಬ್ಯಾಂಕು ಒಂದೆರಡು ಒಳ್ಳೆಯ ಹೆಜ್ಜೆಗಳನ್ನಿಟ್ಟಿದೆ. ವರ್ಷಕ್ಕೊಮ್ಮೆ ತನ್ನ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೇಳುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. 1879ರ ಲೆಕ್ಕದ ಯಾದಿಯ ಹೊಸ ಅವತಾರವದು. ತಪ್ಪನ್ನು ತೋರಿಸಿಕೊಟ್ಟ 30 ದಿನಗಳೊಳಗೆ ತಿದ್ದದಿದ್ದರೆ ದಿನಕ್ಕೆ 100 ರೂಪಾಯಿಗಳಂತೆ ದೂರಿದವನಿಗೇ ಕೊಡಬೇಕು, ಸರಕಾರದ ಬೊಕ್ಕಸಕ್ಕಲ್ಲ. ಮನೆ ಹೊಲಗಳ ಕಾಗದಗಳನ್ನು ಸಾಲ ತೀರಿದ 30 ದಿನಗಳಲ್ಲಿ ಮರಳಿಸದ ಬ್ಯಾಂಕು ದಿನಕ್ಕೆ 5,000 ರೂಪಾಯಿಗಳನ್ನು ತೆರಬೇಕೆಂಬ ಕಟ್ಟಳೆಯು 2023ರ ಡಿಸೆಂಬರದಿಂದ ನಡೆದಿರುವದು. ಹಳೆಯ ಸಾಹುಕಾರರಲ್ಲಿ ಮರ್ಯಾದಸ್ಥರಾದವರು ಸಾಲ ತೀರಿದ ದಿನ ಪತ್ರವನ್ನು ಸಾಲಗಾರನ ಕಣ್ಣೆದುರಿಗೇ ಹರಿದು ಕೊಡುತ್ತಿದ್ದರು. ಆ ಹರಿದ ತುಂಡುಗಳನ್ನು ಮುದುಕರು ಜೋಪಾನವಾಗಿ ಕಟ್ಟಿಡುತ್ತಿದ್ದರು. ಹೊಲದ ಕಾಗದಕ್ಕೆ ಆ ಮರ್ಯಾದೆಯು ಇಂದಿಗೂ ಇರುವಾಗ, ಮನುಷ್ಯನ ವಿವರಕ್ಕೆ ಏಕಿಲ್ಲ? ಹಣದ ಅಕ್ರಮವನ್ನು ತಡೆಯುವ ಕಾನೂನು ಕೆಲವು ಗುರುತಿನ ಕಾಗದಗಳನ್ನು ವ್ಯವಹಾರ ಮುಗಿದ ಬಳಿಕವೂ ಐದು ವರ್ಷ ಇಡಲು ಹೇಳುವದು ನಿಜ, ಅಷ್ಟನ್ನು ಇಡಲಿ. ನಂಟರ ನಂಬರು, ಓಡಾಟದ ದಾರಿ, ಮನೆಯ ಚಿತ್ರ—ಇವುಗಳನ್ನು ಇಡಲು ಯಾವ ಕಾನೂನೂ ಹೇಳಿಲ್ಲ.

ದೊಡ್ಡ ಕಂಪನಿಗಳ ಬಾಗಿಲು ಬೆಂಗಳೂರು ಮುಂಬಯಿಗಳಲ್ಲಿ, ಇಲ್ಲವೆ ಸಮುದ್ರದಾಚೆಗೆ ಇರುವದು. ಗದಗು ಜಿಲ್ಲೆಯವರ ಕೈ ಅಲ್ಲಿಯವರೆಗೆ ನಿಲುಕಲಾರದು. ನಿಲುಕುವ ಬಾಗಿಲು ಒಂದು ಊರಲ್ಲಿಯೇ ಇದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿಗಳ ಖರ್ಚಿನಿಂದ ಗಣಕಯಂತ್ರದ ಒಂದೇ ಜಾಲಕ್ಕೆ ಜೋಡಿಸುವ ಯೋಜನೆಗೆ ಕೇಂದ್ರ ಸರಕಾರವು 2022ರಲ್ಲಿ ಒಪ್ಪಿಗೆ ಕೊಟ್ಟಿತು. ಕಣಗಿನಹಾಳದ ಮಾದರಿಯಲ್ಲಿ ಹುಟ್ಟಿದ ಸಂಘಗಳ ಖತಾವಣಿ, ರೋಜಕೀರ್ದಿಗಳು ಹಳ್ಳಿಯ ಪೆಟ್ಟಿಗೆಯಿಂದ ಎದ್ದು ದೂರದ ಯಂತ್ರಗಳನ್ನು ಸೇರುವ ಕೆಲಸವಿದು. ಲೆಕ್ಕವು ಶುದ್ಧವಾಗುವದು, ಕಾರ್ಯದರ್ಶಿಯು ತಿದ್ದಿ ಬರೆಯುವದು ನಿಲ್ಲುವದು, ಇದು ಸ್ವಾಗತಾರ್ಹವೇ. ಆದರೆ ಆ ಖತಾವಣಿಯಲ್ಲಿರುವದು ಸಭಾಸದರ ಬಾಳು. ಅದರ ಮೇಲೆ ಕಣ್ಣಿಡುವ ಬೀಜದವರು, ಗೊಬ್ಬರದವರು, ವಿಮೆಯವರು, ಸಾಲದವರು ಕಡಿಮೆಯಿಲ್ಲ. ಸಪ್ಟೆಂಬರಿನ ಸುಮಾರಿಗೆ ಸಂಘಗಳ ವಾರ್ಷಿಕ ಸರ್ವಸಾಧಾರಣ ಸಭೆಗಳು ಸೇರುವವು. ಲಾಭಾಂಶವೆಷ್ಟು, ಗೊಬ್ಬರವೆಂದು ಬರುವದು ಎಂದು ಕೇಳಿ ಚಹಾ ಕುಡಿದು ಏಳುವ ಸಭಾಸದರು ಈ ಸಲ ಇನ್ನೂ ಮೂರನ್ನು ಕೇಳಬೇಕು: ಯಂತ್ರಕ್ಕೆ ಹಾಕಿದ ವಿವರಗಳ ಪೈಕಿ ಸಂಘದ ಕೆಲಸಕ್ಕೆ ಬೇಕಾದವು ಎಷ್ಟು, ಬೇಡವಾದವು ಎಷ್ಟು, ಸಂಘದ ಹೊರಗೆ ಅವನ್ನು ಯಾರು ಯಾರು ನೋಡಬಲ್ಲರು, ಸಾಲ ತೀರಿಸಿ ಸಭಾಸದತ್ವವನ್ನು ಬಿಟ್ಟವನ ಹೆಸರಿನ ಮುಂದಿರುವದನ್ನು ಅಳಿಸುವವರಾರು, ಎಂದು. ಉತ್ತರವನ್ನು ಕನ್ನಡದಲ್ಲಿ, ಸಭೆಯ ನಡಾವಳಿಯ ಪುಸ್ತಕದಲ್ಲಿ ಬರೆಯಿಸಿ, ಅಧ್ಯಕ್ಷರ ಸಹಿಯನ್ನು ಅದರ ಕೆಳಗೆ ಹಾಕಿಸಬೇಕು.